ದಾಂಪತ್ಯದ ನಡುವೆ ಬಂದ ಕೂಸು

ರಘುವಂಶದ ಮೂರನೆಯ ಸರ್ಗದಲ್ಲಿ ಕಾಳಿದಾಸನು ದಿಲೀಪ ಸುದಕ್ಷಿಣೆಯರ ಒಲವನ್ನು ಚಕ್ರವಾಕಗಳ ಜೋಡಿಗೆ ಹೋಲಿಸಿ, ಅದು ಒಬ್ಬ ಮಗನಿಂದ ಪಾಲಾದರೂ ಪರಸ್ಪರರಲ್ಲಿ ಬೆಳೆಯುತ್ತಲೇ ಹೋಯಿತೆಂದು ಹೇಳಿರುವನು. ಈ ಶ್ಲೋಕವನ್ನು ಮೆಚ್ಚದ ರಸಿಕನಿಲ್ಲ. ಆದರೆ ಮುಂದಿನ ಶ್ಲೋಕವನ್ನು ಇದರೊಡನೆ ಕೂಡಿಸಿ ಓದುವವರು ವಿರಳ. ಅಲ್ಲಿ ಕೂಸು ದಾದಿಯು ಮೊದಲು ನುಡಿದುದನ್ನೇ ತೊದಲುತ್ತದೆ, ಅವಳ ಬೆರಳನ್ನೇ ಹಿಡಿದು ನಡೆಯುತ್ತದೆ; ಕೈಮುಗಿಯಲು ಕಲಿತು ತಂದೆಯ ಮುದವನ್ನು ಹೆಚ್ಚಿಸುತ್ತದೆ. ದುಡಿಮೆ ದಾದಿಯದು, ಮುದವು ತಂದೆಯದು. ಅರಸನ ಪ್ರೇಮವು ಬೆಳೆದುದರಲ್ಲಿ ಆಶ್ಚರ್ಯವೇನು?

ಬಸವಕಲ್ಯಾಣ ಹುಮನಾಬಾದುಗಳ ಸಾಮಾನ್ಯ ಗೃಹಸ್ಥರಿಗೆ ದಾದಿಯಿಲ್ಲ. ಆ ಸ್ಥಾನವನ್ನು ತವರುಮನೆಯು ತುಂಬುತ್ತ ಬಂದಿದೆ. ಚೊಚ್ಚಲ ಬಾಣಂತನವು ಅಲ್ಲಿಯೇ. ತೊಟ್ಟಿಲಿಗೆ ಹಾಕುವ ದಿನ ಹಾಡುವವರು ಹೆಂಗಸರು, ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ತಂದೆಯಾದವನು ಅಂದು ಮಾವನ ಮನೆಯ ಅತಿಥಿ. ಮದುವೆಯ ಹೊಸತರಲ್ಲಿ ಎಲ್ಲವನ್ನೂ ಕೂಡಿ ಮಾಡುವೆವೆಂದು ಬಗೆದವರೂ ಇಲ್ಲಿ ಕವಲೊಡೆಯುವರು. ಆಕೆಯು ತಿಂಗಳುಗಟ್ಟಲೆ ನಿದ್ದೆಗೆಟ್ಟು ತಾಯ್ತನವೆಂದರೇನೆಂಬುದನ್ನು ಕಲಿತು ಬರುವಳು. ಆತನಿಗೆ ತಂದೆತನವು ಇನ್ನೂ ಹೆಸರು ಮಾತ್ರ. ಇಬ್ಬರೂ ಸಮನಾಗಿ ಹಂಚಿಕೊಂಡಿದ್ದರೆಂದು ತೋರಿದ ಸಂಸಾರಭಾರವು ಆಕೆಗೆ ಈಗ ಒಂದೇ ಹೆಗಲಿನದಾಗಿ, ಆತನಿಗೆ ಯಥಾಪೂರ್ವವಾಗಿ ಕಾಣುವುದು.

ಈ ಭೇದವನ್ನು ನಮ್ಮ ವಿಮರ್ಶಕರು ಹೆಚ್ಚಾಗಿ ಮುಟ್ಟಿಲ್ಲ. ಶರಣದಂಪತಿಗಳ ಸಹಧರ್ಮವನ್ನು ಎಲ್ಲರೂ ಕೊಂಡಾಡುವರು. ಮಾರಯ್ಯನು ಮಿಗಿಲಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿದ ಕಥೆಯು ಮಕ್ಕಳಿಗೂ ಬಾಯಿಪಾಠ. ಆ ಮನೆಯಲ್ಲಿ ತೊಟ್ಟಿಲಿತ್ತೆ ಎಂದು ಕೇಳುವವರಿಲ್ಲ!

ಆದರೆ 12ನೆಯ ಶತಮಾನದ ಅದೇ ಕಲ್ಯಾಣದಿಂದ, ಬಸವಣ್ಣನವರ ಮಡದಿ ಗಂಗಾಂಬಿಕೆಯ ಅಂಕಿತದಲ್ಲಿ, ಒಂದು ವಚನವು ಬಂದಿದೆ. ಇನ್ನೊಬ್ಬಳಿಗೆ ಕೂಸುಂಟು, ನಿನಗೆ ಲಿಂಗವೇ ಕೂಸು ಎಂದು ಪತಿಯು ಸಂತೈಸಿದರೆಂಬುದನ್ನು ಆಕೆಯೇ ಅದರಲ್ಲಿ ಹೇಳುವಳು. ಹೇಳಿ, ಆ ಸಾಂತ್ವನವನ್ನು ಒಪ್ಪದೆ, ತನಗೆ ಕಂದನಿಲ್ಲವೆಂದು ನೇರವಾಗಿ ದುಃಖಿಸುವಳು. ಕೂಸೆಂಬುದು ಆತನಿಗೆ ತತ್ತ್ವವಾಗಬಲ್ಲದು; ಆಕೆಗೆ ಮಡಿಲು ಬರಿದು. ಇದನ್ನು ಸವತಿಮತ್ಸರವೆಂದು ಬದಿಗಿಡುವುದು ಅನ್ಯಾಯ. ಸುದಕ್ಷಿಣೆಯು ಬಸುರಿಯ ಬಯಕೆಯನ್ನೂ ಲಜ್ಜೆಯಿಂದ ಬಾಯಿಬಿಟ್ಟು ಹೇಳಲಿಲ್ಲ. ಅರಸನು ಸಖಿಯರನ್ನು ಕೇಳಿ ತಿಳಿಯಬೇಕಾಯಿತು. ಗಂಗಾಂಬಿಕೆಯು ತಾನೇ ನುಡಿದಳು, ಅದೂ ಬಸವಣ್ಣನವರ ಮಾತಿಗೆ ಪ್ರತಿಯಾಗಿ.