‘ನಾರ್ಮಲ್’ ಎಂಬ ರಿಪೋರ್ಟು

ಪಾದ ಉರಿಯುತ್ತದೆ, ಹೊದಿಕೆ ಸೋಕಿದರೂ ಚುರ್ ಎನ್ನುತ್ತದೆ ಎಂದು ಬಂದವರನ್ನು ನರವಾಹಕತೆ ಪರೀಕ್ಷೆಗೆ ಕಳಿಸುವುದು ರೂಢಿ. ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ ಸಣ್ಣ ಶಾಕ್ ಕೊಡುತ್ತಾರೆ. ಪರದೆಯ ಮೇಲೆ ಅಲೆ ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಎದ್ದಿತೆಂದು ಅಳೆಯುತ್ತಾರೆ. ಪರೀಕ್ಷೆಯದೇನೂ ತಪ್ಪಿಲ್ಲ. ಅದು ‘ನಾರ್ಮಲ್’ ಎಂದಾಗ ‘ನರಕ್ಕೇನೂ ಆಗಿಲ್ಲ’ ಎಂದು ಓದಿಕೊಳ್ಳುತ್ತೇವಲ್ಲ, ತಪ್ಪು ಅಲ್ಲಿದೆ. ಆ ಅಲೆ ಏಳುವುದು ದಪ್ಪ ನರತಂತುಗಳಿಂದ. ಉರಿ, ನೋವು, ಬಿಸಿ, ತಂಪಿನ ಸುದ್ದಿ ಒಯ್ಯುವ ಸಣ್ಣ ತಂತುಗಳು ಅದರ ಲೆಕ್ಕಕ್ಕೇ ಬರುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಶೋಗ್ರೆನ್ ಕಾಯಿಲೆಯಲ್ಲಿ ಏಟು ತಿನ್ನುವುದು ಎಷ್ಟೋ ಸಲ ಇವೇ ಸಣ್ಣ ತಂತುಗಳು. 1933ರಲ್ಲಿ ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 19 ಮಹಿಳೆಯರ ಒಣಗಣ್ಣಿನ ಬಗ್ಗೆ ಪ್ರಬಂಧ ಬರೆದರು. ಅವರು ಕಣ್ಣಿನ ವೈದ್ಯರು. ಕಾಯಿಲೆಗೆ ಒಣಕಣ್ಣು, ಒಣಬಾಯಿಯ ಗುರುತೇ ಅಂಟಿಕೊಂಡಿತು. ಆದರೆ ಕೆಲವರಲ್ಲಿ ನರದ ತೊಂದರೆ ಮೊದಲು ಬಂದು, ಕಣ್ಣು-ಬಾಯಿ ಒಣಗುವುದು ಆಮೇಲೆ ಗೊತ್ತಾಗುತ್ತದೆ.

ಸಕ್ಕರೆ ಕಾಯಿಲೆ, ಬಿ-12 ಕೊರತೆ, ಕುಷ್ಠ ಇರುವ ನಮ್ಮ ದೇಶದಲ್ಲಿ ಅಪರೂಪದ್ದನ್ನು ಹುಡುಕುತ್ತ ಕೂರಬೇಕೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು, ಮೊದಲು ನೋಡಬೇಕಾದದ್ದು ಅವನ್ನೇ. ಆದರೆ ಸಕ್ಕರೆ ಕಾಯಿಲೆಯ ಜೋಮು ಸಾಮಾನ್ಯವಾಗಿ ಎರಡೂ ಪಾದದ ಬೆರಳಿನಿಂದ ಶುರುವಾಗಿ ಮೇಲೇರುತ್ತದೆ. ಶೋಗ್ರೆನ್‌ನಲ್ಲಿ ಕೆಲವೊಮ್ಮೆ ಈ ಕ್ರಮವೇ ಇರುವುದಿಲ್ಲ: ಮುಖ, ತೊಡೆ, ಹೊಟ್ಟೆಯ ಚರ್ಮ, ಎಲ್ಲಿ ಬೇಕಾದರೂ ಉರಿ. ಸಕ್ಕರೆಯೂ ಸರಿ, ಬಿ-12 ಕೂಡ ಸರಿ ಎಂದಾದ ಮೇಲೂ ಇಂಥವರಿಗೆ ಬಿ-12 ಚುಚ್ಚುತ್ತಲೇ ಇರುವುದು, ಅಥವಾ ‘ಟೆನ್ಷನ್ ಬಿಡಿ’ ಎಂದು ಮನೆಗೆ ಕಳಿಸುವುದು, ಎಚ್ಚರವಲ್ಲ, ಸೋಮಾರಿತನ. ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತದೆಯೇ, ಒಣರೊಟ್ಟಿ ನುಂಗಲು ನೀರು ಬೇಕೇ ಎಂದು ಕೇಳಲು ಯಂತ್ರವೇನೂ ಬೇಡ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ, 5 ನಿಮಿಷದಲ್ಲಿ ಅದು 5 ಮಿ.ಮೀ.ಗಿಂತ ಹೆಚ್ಚು ಒದ್ದೆಯಾಯಿತೇ ಎಂದು ನೋಡುವ ಪರೀಕ್ಷೆಯೂ ಅಗ್ಗದ್ದೇ.

ಗೊತ್ತಾಗಿ ತಾನೇ ಏನು, ಸತ್ತ ತಂತುವಿಗೆ ಮದ್ದಿದೆಯೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಸಣ್ಣ ತಂತುಗಳ ಹಾನಿಗೆ ಖಚಿತ ಚಿಕಿತ್ಸೆ ಇಲ್ಲ, ನಿಜ. ಬಹಳ ಸಲ ಉರಿ ತಗ್ಗಿಸುವ ಮಾತ್ರೆಗಳೇ ಗತಿ. ಆದರೆ ಈ ಕಾಯಿಲೆ ನರಕ್ಕೆ ನಿಲ್ಲುವಂಥದ್ದಲ್ಲ. ಶ್ವಾಸಕೋಶ, ಮೂತ್ರಪಿಂಡಗಳನ್ನೂ ಮುಟ್ಟಬಹುದು, ಲಿಂಫೋಮಾ ಎಂಬ ಕ್ಯಾನ್ಸರ್‌ನ ಅಪಾಯವನ್ನೂ ಹೆಚ್ಚಿಸುತ್ತದೆ. ಗೊತ್ತಾಗಬೇಕಾದದ್ದು ಅದಕ್ಕೇ. ಕಣಕಾಲಿನ ಮೇಲಿಂದ 3 ಮಿ.ಮೀ. ಚರ್ಮ ತೆಗೆದು ತಂತುಗಳನ್ನು ಎಣಿಸುವ ಬಯಾಪ್ಸಿ ಎಲ್ಲ ಊರಲ್ಲೂ ಸಿಗುವುದಿಲ್ಲ. ಅದು ಸಿಗದ ಕಡೆ ನರವಾಹಕತೆ ಪರೀಕ್ಷೆಯ ರಿಪೋರ್ಟಿನ ಕೆಳಗೆ ‘ಸಣ್ಣ ತಂತುಗಳನ್ನು ಈ ಪರೀಕ್ಷೆ ಅಳೆಯುವುದಿಲ್ಲ’ ಎಂದು ಒಂದು ಸಾಲು ಅಚ್ಚಾದರೂ ಸಾಕು, ಮುಂದಿನ ವೈದ್ಯರು ಹುಡುಕಾಟವನ್ನು ಅಲ್ಲಿಂದ ಮುಂದುವರಿಸಬಹುದು.