ಬಣ್ಣ ಮಾಯವಾಗುವ ಗಳಿಗೆ

ಎರಡು ಪ್ರನಾಳಗಳು. ಒಂದರಲ್ಲಿ ಹೆಕ್ಸೇನ್, ಇನ್ನೊಂದರಲ್ಲಿ ಸೈಕ್ಲೋಹೆಕ್ಸೀನ್. ಎರಡೂ ನೀರಿನಷ್ಟೇ ತಿಳಿ. ಬರಿಗಣ್ಣಿಗೆ ಭೇದವೇ ತಿಳಿಯದು. ಎರಡಕ್ಕೂ ಕಿತ್ತಳೆ ಬಣ್ಣದ ಬ್ರೋಮಿನ್ ದ್ರಾವಣದ ಕೆಲವು ಹನಿ ಬಿಟ್ಟು ಅಲುಗಿಸಿ. ಹೆಕ್ಸೇನಿನಲ್ಲಿ ಬಣ್ಣ ಹಾಗೆಯೇ ನಿಲ್ಲುತ್ತದೆ; ಸೈಕ್ಲೋಹೆಕ್ಸೀನಿನಲ್ಲಿ ನೋಡನೋಡುತ್ತಲೇ ಮಾಯ! ಸೈಕ್ಲೋಹೆಕ್ಸೀನಿನ ಅಪರ್ಯಾಪ್ತ ಅಣುವಿನ ದ್ವಿಬಂಧ ಬಿಚ್ಚಿಕೊಂಡು ಬ್ರೋಮಿನ್ನಿಗೆ ಜಾಗ ಕೊಟ್ಟಿತು. ಹೆಕ್ಸೇನಿನ ಪರ್ಯಾಪ್ತ ಅಣುವಿನಲ್ಲಿ ಹಾಗೆ ಕೊಡಲು ಜಾಗವೇ ಇಲ್ಲ.

ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಹೆಸರಿನ ಪರೀಕ್ಷೆ ಇನ್ನೂ ಚೆಂದ. ದ್ವಿಬಂಧವಿದ್ದರೆ ತಣ್ಣನೆಯ, ತೆಳುವಾದ ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ದ್ರಾವಣದ ನೇರಳೆ ಬಣ್ಣ ಅಳಿದು, ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಗಷ್ಟು ತಳದಲ್ಲಿ ಕೂರುತ್ತದೆ.

ಈ ಪರೀಕ್ಷೆಗಳು ಎಚ್ಚರವನ್ನೂ ಕಲಿಸುತ್ತವೆ. ಬಿಸಿಲಿಗಿಟ್ಟರೆ ಹೆಕ್ಸೇನ್ ಕೂಡ ನಿಧಾನವಾಗಿ ಬ್ರೋಮಿನ್ನಿನ ಬಣ್ಣ ಕಳೆಯುತ್ತದೆ. ಅಲ್ಲಿ ನಡೆಯುವುದು ಸೇರ್ಪಡೆಯಲ್ಲ, ಹೈಡ್ರೋಜನ್ನಿನ ಸ್ಥಾನಪಲ್ಲಟ. ಬೆಂಜೀನ್ ಅಪರ್ಯಾಪ್ತವೇ ಆದರೂ ಬ್ರೋಮಿನ್ ದ್ರಾವಣಕ್ಕೆ ಜಗ್ಗುವುದಿಲ್ಲ. ಅದರ ಉಂಗುರದ ಸ್ಥಿರತೆ ಅಂಥದ್ದು.

ಇದೇ ತತ್ತ್ವ ನಮ್ಮ ಅಡುಗೆಮನೆಯ ಎಣ್ಣೆಯನ್ನೂ ಅಳೆಯುತ್ತದೆ. ನೂರು ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆಂಬುದೇ ಅದರ ಅಯೋಡಿನ್ ಮೌಲ್ಯ; ದ್ವಿಬಂಧಗಳು ಹೆಚ್ಚಿದ್ದಷ್ಟೂ ಅದೂ ಹೆಚ್ಚು. ಕೊಬ್ಬರಿ ಎಣ್ಣೆಗೆ ಅದು ಸುಮಾರು 10ರೊಳಗೆ. ಸೂರ್ಯಕಾಂತಿ, ಕುಸುಬೆ ಎಣ್ಣೆಗಳಿಗೆ 100ಕ್ಕೂ ಮೇಲೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದರ, ಕುಸುಬೆ ಎಣ್ಣೆ ಹರಿಯುತ್ತಲೇ ಇರುವುದರ ಗುಟ್ಟೂ ಬಹುಮಟ್ಟಿಗೆ ಇಲ್ಲಿದೆ.

ದೊಡ್ಡ ಯಂತ್ರ ಬೇಡ, ನಾಲ್ಕು ಹನಿ ಸಾಕು. ಕಾಣದ ಬಂಧವೊಂದು ಬಣ್ಣ ಅಳಿಸಿ ತಾನಿದ್ದೇನೆ ಎನ್ನುವ ಆ ಗಳಿಗೆಗೆ ನಾನು ಇಂದಿಗೂ ಮಾರುಹೋಗುತ್ತೇನೆ.