ದಾದಿ ಕಲಿಸಿದ ಪಾಠ

ಆನ್ ವೋಲ್ಬರ್ಟ್ ಬರ್ಜೆಸ್ ಅವರ ‘ಎ ಕಿಲ್ಲರ್ ಬೈ ಡಿಸೈನ್’ ಎಂಬ ಇಂಗ್ಲಿಷ್ ಪುಸ್ತಕ ಅಚ್ಚಾದದ್ದು 2021ರಲ್ಲಿ. ನನ್ನ ಕೈಗೆ ಅದು ಬಂದದ್ದು ತಡವಾಗಿ. ಓದಿದ್ದು ಎರಡು ಸಲ. ಮೊದಲ ಸಲ ಪತ್ತೇದಾರಿ ಕಾದಂಬರಿಯ ಹಾಗೆ ಎರಡು ರಾತ್ರಿಗಳಲ್ಲಿ ಮುಗಿಸಿಬಿಟ್ಟೆ. ಎರಡನೆಯ ಸಲ ಪೆನ್ಸಿಲು ಹಿಡಿದು ಕುಳಿತೆ. ಈ ಎರಡು ಓದುಗಳ ನಡುವೆ ನನ್ನ ಅಭಿಪ್ರಾಯ ಬಹುಮಟ್ಟಿಗೆ ಬದಲಾಯಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಕಾನೂನು ಕಾಲೇಜಿನಲ್ಲಿ ದಂಡಸಂಹಿತೆ ಮತ್ತು ದಂಡ ಪ್ರಕ್ರಿಯೆಗಳನ್ನು ಪಾಠ ಹೇಳಿದವನು ನಾನು. ಈ ಪುಸ್ತಕದ ಗುಣದೋಷಗಳನ್ನು ಎಣಿಸಹೊರಟವನಿಗೆ ನನ್ನ ಪಾಠದ ಗುಣದೋಷಗಳೂ ಎದುರಾದವು.

ಬರ್ಜೆಸ್ 1936ರಲ್ಲಿ ಹುಟ್ಟಿದವರು. ಮಾನಸಿಕ ರೋಗಿಗಳ ಶುಶ್ರೂಷೆಯಲ್ಲಿ ತರಬೇತಿ ಪಡೆದ ದಾದಿ. ಬಾಸ್ಟನ್ ಕಾಲೇಜಿನ ಶುಶ್ರೂಷಾ ಶಾಲೆಯಲ್ಲಿ ಅಧ್ಯಾಪಿಕೆ. ಅಪರಾಧಕ್ಕೆ ಬಲಿಯಾದವರ ವಿಷಯವನ್ನು ಒಂದು ಶಾಸ್ತ್ರವಾಗಿ ದಾದಿಯರಿಗೂ ಪೊಲೀಸರಿಗೂ ಕಲಿಸುತ್ತ ಅವರ ಆಯುಷ್ಯ ಕಳೆದಿದೆ. ನೆಟ್‌ಫ್ಲಿಕ್ಸಿನಲ್ಲಿ 2017ರಿಂದ 2019ರವರೆಗೆ ಬಂದ ‘ಮೈಂಡ್‌ಹಂಟರ್’ ಮಾಲಿಕೆಯನ್ನು ನೋಡಿದವರಿಗೆ ವೆಂಡಿ ಕಾರ್ ಎಂಬ ಪಾತ್ರ ನೆನಪಿರಬಹುದು. ಆ ಪಾತ್ರಕ್ಕೆ ಮೂಲ ಈಕೆಯೇ. ಆದರೆ ಪರದೆಯ ಮೇಲೆ ಆಕೆ ದಾದಿಯಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕಿ. ದಾದಿಯೊಬ್ಬಳು ಪತ್ತೇದಾರರಿಗೆ ಪಾಠ ಹೇಳಿದಳೆಂದರೆ ನೋಡುವವರು ನಂಬಲಾರರೆಂದು ತೋರಿತೋ ಏನೋ!

ಪುಸ್ತಕದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಮೊದಲ ಭಾಗ; ಲೇಖಕಿ ಬೇಗ ದಾಟಿಹೋಗುವ ಭಾಗವೂ ಅದೇ. ಅದೇ ಕಾಲೇಜಿನ ಸಮಾಜಶಾಸ್ತ್ರಜ್ಞೆ ಲಿಂಡಾ ಲೈಟಲ್ ಹೋಮ್‌ಸ್ಟ್ರಮ್ ಮತ್ತು ಬರ್ಜೆಸ್ ಸೇರಿ 1972ರ ಜುಲೈನಲ್ಲಿ ಬಾಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯೊಂದಿಗೆ ಒಂದು ಏರ್ಪಾಡು ಮಾಡಿಕೊಂಡರು. ಬಲಾತ್ಕಾರಕ್ಕೆ ಒಳಗಾದವರು ತುರ್ತು ವಿಭಾಗಕ್ಕೆ ಬಂದೊಡನೆ ಇವರಿಗೆ ಟೆಲಿಫೋನು ಮಾಡಬೇಕು. ಹಗಲಾಗಲಿ, ನಡುರಾತ್ರಿಯಾಗಲಿ ಅರ್ಧ ಗಂಟೆಯೊಳಗೆ ಇವರು ಅಲ್ಲಿರಬೇಕು. ಒಂದು ವರ್ಷ ಹೀಗೆ ನಡೆಯಿತು. ಒಟ್ಟು 146 ಮಂದಿಯನ್ನು ಕಂಡರು. ಅವರಲ್ಲಿ 92 ವಯಸ್ಕ ಮಹಿಳೆಯರ ಮಾತುಗಳನ್ನು ಆಧಾರವಾಗಿಟ್ಟುಕೊಂಡು 1974ರಲ್ಲಿ ಅಮೆರಿಕದ ಮನೋವೈದ್ಯರ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅತಿ ಕಿರಿಯಳಿಗೆ ಹದಿನೇಳು ವರ್ಷ, ಅತಿ ಹಿರಿಯಳಿಗೆ ಎಪ್ಪತ್ತಮೂರು. ಇವರು ಮಾಡಿದ್ದು ಬಹಳ ಸರಳವಾದ ಕೆಲಸ: ಏನಾಯಿತೆಂದು ಕೇಳಿದರು, ಹೇಳಿದ್ದನ್ನು ಬರೆದುಕೊಂಡರು, ಆಮೇಲೆ ವಾರಗಟ್ಟಲೆ ಟೆಲಿಫೋನು ಮಾಡಿ ಹೇಗಿದ್ದೀರೆಂದು ವಿಚಾರಿಸಿದರು. ಇಷ್ಟು ಸರಳವಾದದ್ದು ಅಲ್ಲಿಯವರೆಗೆ ಹೆಚ್ಚಿನವರಿಗೆ ಹೊಳೆದಿರಲಿಲ್ಲವೆಂಬುದೇ ವಿಚಿತ್ರ.

ಆ ಲೇಖನ ಹೇಳುವ ಮುಖ್ಯ ಸಂಗತಿಯೊಂದುಂಟು. ಆ ಹೆಂಗಸರಲ್ಲಿ ಎಲ್ಲಕ್ಕಿಂತ ಮುಂದಾಗಿದ್ದ ಭಾವ ನಾಚಿಕೆಯಲ್ಲ, ಭಯ. ಏಟು ಬೀಳುತ್ತದೆ, ಸಾಯುತ್ತೇನೆ ಎಂಬ ಭಯ. ಇದನ್ನು ಓದಿದಾಗ ನಮ್ಮ ಭಾಷೆಯ ಒಂದು ಪದ ನನ್ನನ್ನು ಕುಟುಕಿತು. ನಮ್ಮ ಪತ್ರಿಕೆಗಳು ಬಹುಕಾಲ ಈ ಅಪರಾಧವನ್ನು ‘ಮಾನಭಂಗ’ವೆಂದೇ ಬರೆದವು; ಪಾಠದಲ್ಲಿ ನಾನೂ ಹಾಗೆಯೇ ಹೇಳಿದೆ. ಭಂಗವಾದದ್ದು ಮಾನವೆಂದು ಒಪ್ಪಿಕೊಂಡರೆ, ಅದು ಯಾರ ಮಾನ, ಮೊದಲೇ ಎಷ್ಟಿತ್ತು ಎಂದು ಅಳೆಯಲು ವಕೀಲ ಎದ್ದು ನಿಲ್ಲುತ್ತಾನೆ. ಜೀವಭಯವೆಂದು ಹೇಳಿದ್ದರೆ ಅಳೆಯಲು ಅವನಿಗೆ ಏನೂ ಉಳಿಯುತ್ತಿರಲಿಲ್ಲ.

ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಆಸ್ಪತ್ರೆಗೆ ಬಂದವರಲ್ಲಿ ಕೆಲವರು ಅಳುತ್ತಿದ್ದರು, ನಡುಗುತ್ತಿದ್ದರು. ಹೆಚ್ಚುಕಡಿಮೆ ಅಷ್ಟೇ ಜನ ಶಾಂತವಾಗಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತ ಕುಳಿತಿದ್ದರು. ನೋಡಿದವರು ಇವಳಿಗೆ ಏನೂ ಆಗಿಲ್ಲವೆಂದೇ ತಿಳಿಯಬೇಕು. ಆದರೆ ಇಬ್ಬರ ನೋವೂ ಒಂದೇ. ವಾರಗಳು ಕಳೆದ ಮೇಲೆ ಇಬ್ಬರಿಗೂ ಕೆಟ್ಟ ಕನಸುಗಳು; ಇಬ್ಬರಲ್ಲೂ ಮನೆ ಬದಲಾಯಿಸಿದವರು, ಟೆಲಿಫೋನು ನಂಬರು ಬದಲಾಯಿಸಿದವರು.

ಇಲ್ಲಿ ಪುಸ್ತಕವನ್ನು ಬದಿಗಿಟ್ಟು ಒಂದು ಮಾತು ಹೇಳಬೇಕು. ಬರ್ಜೆಸ್ ಆಸ್ಪತ್ರೆಯ ಕೆಲಸ ಪ್ರಾರಂಭಿಸುವುದಕ್ಕೆ ನಾಲ್ಕು ತಿಂಗಳು ಮುಂಚೆ, 1972ರ ಮಾರ್ಚ್ 26ರ ರಾತ್ರಿ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಂದು ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಇಬ್ಬರು ಪೊಲೀಸರು ಕೈಮಾಡಿದರೆಂದು ದೂರಾಯಿತು. ಸೆಷನ್ಸ್ ನ್ಯಾಯಾಲಯ ಅವರನ್ನು ಬಿಟ್ಟಿತು. ಮುಂಬಯಿ ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಆಕೆ ಕೂಗಿಕೊಳ್ಳಲಿಲ್ಲ, ಆದ್ದರಿಂದ ಒಪ್ಪಿಗೆ ಇರಲಿಲ್ಲವೆಂಬುದು ಸಿದ್ಧವಾಗಲಿಲ್ಲ ಎಂಬುದು ತೀರ್ಪಿನ ತಿರುಳು. ಆ ಹುಡುಗಿಯ ಹೆಸರಿನಿಂದಲೇ ಆ ಮೊಕದ್ದಮೆಯನ್ನು ಕರೆಯುವ ರೂಢಿ ಇಂದಿಗೂ ಇದೆ; ಇಲ್ಲಿ ನಾನು ಅದನ್ನು ಬರೆಯುವುದಿಲ್ಲ.

ಈ ತೀರ್ಪನ್ನು ನಾನು ವರ್ಷವರ್ಷವೂ ಪಾಠ ಹೇಳಿದೆ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಈ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರವನ್ನೂ, ಅದರ ಹಿಂದೆ ಎದ್ದ ಚಳವಳಿಯನ್ನೂ, 1983ರ ತಿದ್ದುಪಡಿಯನ್ನೂ ಹೇಳಿದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಕೂಗಿದ್ದರೆ ಯಾರು ಬರಬೇಕಾಗಿತ್ತು ಸಾರ್, ಪೊಲೀಸರು ತಾನೆ?” ಎಂದಳು. ತರಗತಿ ನಕ್ಕಿತು. “ಅದು ತೀರ್ಪಿನಲ್ಲಿ ಇಲ್ಲಮ್ಮ, ತೀರ್ಪಿನಲ್ಲಿ ಇರುವುದನ್ನು ಬರಕೋ” ಎಂದು ನಾನು ಮುಂದೆ ಹೋದೆ. 1974ರ ಲೇಖನ ಆಗಲೇ ಜಗತ್ತಿನಲ್ಲಿತ್ತು. ಅವಳ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲಿತ್ತು. ನಾನು ಅದನ್ನು ಓದಿದ್ದು ನಿವೃತ್ತನಾದ ಮೇಲೆ, ಈ ಪುಸ್ತಕದ ನೆವದಿಂದ.

ಪುಸ್ತಕಕ್ಕೆ ಹಿಂದಿರುಗೋಣ. 1970ರ ದಶಕದ ಕೊನೆಗೆ ಎಫ್.ಬಿ.ಐ. ಸಂಸ್ಥೆಯ ರಾಯ್ ಹೇಜಲ್‌ವುಡ್ ಎಂಬ ಅಧಿಕಾರಿ ವರ್ಜೀನಿಯಾದ ಕ್ವಾಂಟಿಕೋ ತರಬೇತಿ ಕೇಂದ್ರಕ್ಕೆ ಬರ್ಜೆಸ್ ಅವರನ್ನು ಉಪನ್ಯಾಸಕ್ಕೆ ಕರೆಸಿದರು. ಬಲಾತ್ಕಾರದ ಮೊಕದ್ದಮೆಗಳ ವಿಷಯವಾಗಿ ಪೊಲೀಸರಿಗೆ ಪಾಠ ಹೇಳುವ ಹೊಣೆ ಹೇಜಲ್‌ವುಡ್‌ರದು. ನೊಂದವರನ್ನು ಕಂಡು ಮಾತನಾಡಿಸಿದವರು ಈಕೆ. ಅಲ್ಲಿಯೇ ರಾಬರ್ಟ್ ರೆಸ್ಲರ್ ಮತ್ತು ಜಾನ್ ಡಗ್ಲಸ್ ಸೆರೆಮನೆಗಳಿಗೆ ಹೋಗಿ ಕೊಲೆಗಾರರನ್ನು ಮಾತನಾಡಿಸುತ್ತಿದ್ದರು. ಮಾತುಕತೆ ಬೇಕಾದಷ್ಟಿತ್ತು, ಪದ್ಧತಿಯಿರಲಿಲ್ಲ. ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ, ಉತ್ತರಗಳನ್ನು ಹೋಲಿಸುವ ಕ್ರಮ ಇವನ್ನು ತಂದುಕೊಟ್ಟದ್ದು ಬರ್ಜೆಸ್. ಇದರ ಫಲವಾಗಿ 1988ರಲ್ಲಿ ಅವರ ಸಂಯುಕ್ತ ಗ್ರಂಥ ಬಂತು. 1992ರಲ್ಲಿ ಅಪರಾಧಗಳನ್ನು ವರ್ಗೀಕರಿಸುವ ಕೈಪಿಡಿ ಬಂತು. ಈ ಭಾಗವನ್ನು ಲೇಖಕಿ ರಸವತ್ತಾಗಿ ಬರೆದಿದ್ದಾರೆ. ಗಂಡಸರೇ ತುಂಬಿದ ನೆಲಮಾಳಿಗೆಯ ಕಚೇರಿ, ಧ್ವನಿಮುದ್ರಿಕೆಗಳು, ಇವಳು ಎಷ್ಟು ದಿನ ತಡೆದಾಳು ಎಂದು ಅಳೆಯುವ ಕಣ್ಣುಗಳು ಇವೆಲ್ಲ ಕಣ್ಣಿಗೆ ಕಟ್ಟುತ್ತವೆ. ಸಹಲೇಖಕ ಸ್ಟೀವನ್ ಕಾನ್‌ಸ್ಟಂಟೈನ್ ಅವರ ಕೈವಾಡವೂ ಇರಬಹುದು. ಅಧ್ಯಾಯದ ಕೊನೆಯಲ್ಲಿ ವಾಚಕನನ್ನು ತೂಗುಹಾಕಿ ನಿಲ್ಲಿಸುವ ಕೌಶಲ್ಯ ಅಧ್ಯಾಪಿಕೆಯದಲ್ಲ.

ನನ್ನ ತಕರಾರು ಇಲ್ಲಿಂದಲೇ ಹುಟ್ಟುವುದು. ಆ ಅಧ್ಯಯನದಲ್ಲಿ ಕೊಲೆಗಾರರು 36. ಅವರ ಕೈಗೆ ಸಿಕ್ಕವರು 118. ಪುಸ್ತಕ ಮುಚ್ಚಿದ ಮೇಲೆ ಎಡ್ಮಂಡ್ ಕೆಂಪರನ ಎತ್ತರ, ಮಾತಿನ ಧಾಟಿ ಎಲ್ಲವೂ ನೆನಪಿನಲ್ಲಿ ಉಳಿಯುತ್ತವೆ. 118ರಲ್ಲಿ ಒಬ್ಬರ ಮುಖವನ್ನಾದರೂ ನೆನೆಯಲು ಹೋದರೆ ಸಿಕ್ಕುವುದಿಲ್ಲ. ತಾನು ಮಾಡಿದ್ದೆಲ್ಲ ಬಲಿಯಾದವರಿಗಾಗಿ ಎಂದು ಲೇಖಕಿ ಹೇಳುತ್ತಾರೆ. ಆ ಮಾತಿನಲ್ಲಿ ನನಗೆ ಸಂದೇಹವಿಲ್ಲ. ಆದರೆ ಶೀರ್ಷಿಕೆಯಲ್ಲಿ ನಿಂತವನು ಕೊಲೆಗಾರ. 1972ರ ಆಸ್ಪತ್ರೆಯಲ್ಲಿ ನೊಂದವಳು ಗುಣವಾಗಬೇಕಾದವಳು. ಕ್ವಾಂಟಿಕೋ ನೆಲಮಾಳಿಗೆಯಲ್ಲಿ ಅವಳೊಂದು ಬೀಗದಕೈ: ಇವಳನ್ನೇ ಏಕೆ ಆರಿಸಿದ, ಎಲ್ಲಿ ತಡೆದ, ಏನು ಹೇಳಿ ಕರೆದ, ಇವು ಗೊತ್ತಾದರೆ ಅವನ ಮನಸ್ಸು ತೆರೆಯುತ್ತದೆ. ಪತ್ತೆಗೆ ಇದು ಬೇಕು, ನಿಜ. ಇನ್ನೊಬ್ಬಳು ಸಾಯದಂತೆ ತಡೆಯುವುದೂ ನೊಂದವರ ಸೇವೆಯೇ ಎಂದು ಲೇಖಕಿಯ ಪರವಾಗಿ ವಾದಿಸಬಹುದು. ಆದರೂ ಆಕೆ ತಾನು ದಾಟಿದ ಹೊಳೆಯ ಅಗಲವನ್ನು ಗಮನಿಸಲಿಲ್ಲವೆಂದು ನನಗೆ ಅನಿಸುತ್ತದೆ.

ಈ ಶಾಸ್ತ್ರದ ಹುಟ್ಟನ್ನು ಬಲ್ಲವರಿಗೆ ಇದು ಇನ್ನೂ ಚುಚ್ಚುತ್ತದೆ. ಹಾನ್ಸ್ ಫಾನ್ ಹೆಂಟಿಗ್ 1948ರಲ್ಲಿ ಬರೆದ ಗ್ರಂಥ ಬಲಿಯಾದವನೂ ಅಪರಾಧಕ್ಕೆ ತನ್ನ ಪಾಲು ಕೊಡುತ್ತಾನೆಂದು ತೋರಿಸಹೊರಟಿತು. ಬೆಂಜಮಿನ್ ಮೆಂಡೆಲ್‌ಸನ್ ಬಲಿಯಾದವರ ತಪ್ಪಿಗೆ ಮೆಟ್ಟಿಲುಗಳನ್ನೇ ಕಟ್ಟಿದರು. ಅವಳು ಏನು ಮಾಡಿದಳು ಎಂಬ ಪ್ರಶ್ನೆಯನ್ನು ತೆಗೆದು ಅವಳಿಗೆ ಏನಾಯಿತು ಎಂಬ ಪ್ರಶ್ನೆಯನ್ನಿಟ್ಟವರಲ್ಲಿ ಬರ್ಜೆಸ್ ಮತ್ತು ಹೋಮ್‌ಸ್ಟ್ರಮ್ ಮೊದಲಿಗರ ಸಾಲಿನವರು. ಅಂಥ ಕೆಲಸದ ಕಥೆ ಪುಸ್ತಕದ ಪೀಠಿಕೆಯಷ್ಟಕ್ಕೆ ನಿಂತುಬಿಡಬಾರದಿತ್ತು.

ಲೇಖಕಿ ಚರ್ಚಿಸಬೇಕಾಗಿದ್ದ ಇನ್ನೊಂದು ತೊಡಕಿದೆ. ತಾವು ಕಂಡದ್ದಕ್ಕೆ ಅವರು ರೋಗಲಕ್ಷಣಗಳ ಕೂಟದ ಹೆಸರು ಕೊಟ್ಟರು. ವಕೀಲರು ಅದನ್ನು ಕೋರ್ಟಿಗೆ ಹೊತ್ತುಕೊಂಡು ಹೋದರು: ಈಕೆಯಲ್ಲಿ ಈ ಲಕ್ಷಣಗಳಿವೆ, ಆದ್ದರಿಂದ ಕೃತ್ಯ ನಡೆದಿದೆ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1984ರ ಬ್ಲೆಡ್ಸೋ ಮೊಕದ್ದಮೆಯಲ್ಲಿ ಇದನ್ನು ತಡೆಯಿತು; ಇದು ಚಿಕಿತ್ಸೆಗೆ ಹುಟ್ಟಿದ ಪರಿಕಲ್ಪನೆ, ಸತ್ಯ ನಿರ್ಣಯಕ್ಕೆ ಹುಟ್ಟಿದ್ದಲ್ಲ ಎಂದಿತು. ನನಗೆ ಆ ತೀರ್ಪು ಸರಿಯೆನಿಸುತ್ತದೆ. ಪಟ್ಟಿಗೆ ಹೊಂದುವವಳನ್ನು ನಂಬಿದರೆ ಹೊಂದದವಳ ಗತಿಯೇನು? ಶಾಂತವಾಗಿ ಕುಳಿತವಳನ್ನು ಕಾಪಾಡಲು ಬರೆದ ಲೇಖನ ಅವಳಂಥ ಇನ್ನೊಬ್ಬಳನ್ನು ಹೊರಗಿಡುವ ಗೋಡೆಯಾಗಬಹುದು.

ನಮ್ಮ ಕಡೆಯ ಮಾತನ್ನೂ ಹೇಳದೆ ಬಿಡಲಾಗದು. ‘ಬಲಿಯಾದವರು’ ಎಂದರೆ ಯಾರೆಂಬ ವ್ಯಾಖ್ಯೆ ನಮ್ಮ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ್ದೇ 2008ರ ತಿದ್ದುಪಡಿಯಿಂದ. ಜಾರಿಗೆ ಬಂದದ್ದು 2009ರ ಕೊನೆಯ ದಿನ. ಅಲ್ಲಿಯವರೆಗೆ ಅವಳು ಪಿ.ಡಬ್ಲ್ಯು. ಒಂದು, ಸರ್ಕಾರದ ಪರ ಮೊದಲ ಸಾಕ್ಷಿ, ಅಷ್ಟೆ. ವೈದ್ಯರು ಎರಡು ಬೆರಳಿಟ್ಟು ಪರೀಕ್ಷಿಸುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಖಂಡಿಸಿತು. 2022ರಲ್ಲಿ ಮತ್ತೊಮ್ಮೆ ಖಂಡಿಸಿ, ವೈದ್ಯಕೀಯ ಪಠ್ಯಕ್ರಮದಿಂದಲೇ ತೆಗೆಯಿರೆಂದು ಹೇಳಬೇಕಾಯಿತು. ಒಂದು ಸಲ ಹೇಳಿದ್ದು ಸಾಲದಾಯಿತೆಂದರೆ ಕೊರತೆಯಿದ್ದದ್ದು ಕಾನೂನಿನಲ್ಲಲ್ಲ, ಕಲಿಸುವವರಲ್ಲಿ. ಪೊಲೀಸ್ ತರಬೇತಿಗೆ ನಾನೂ ಕೆಲವು ಸಲ ಉಪನ್ಯಾಸಕ್ಕೆ ಹೋದದ್ದುಂಟು. ಹೇಳಿಕೆಯನ್ನು ಯಾವ ಕಲಮಿನ ಕೆಳಗೆ ಬರೆಯಬೇಕು, ಸಹಿ ಬೇಕೇ ಬೇಡವೇ ಎಂದು ಗಂಟೆ ಮುಗಿಯುವವರೆಗೆ ಹೇಳಿದೆ. ಹೇಳಿಕೆ ಕೊಡುವವಳಿಗೆ ಮೊದಲು ಕುರ್ಚಿ, ನೀರು ಕೊಡಬೇಕೆಂದು ಹೇಳಿದ ನೆನಪಿಲ್ಲ.

ಈ ಪುಸ್ತಕವನ್ನು ಕೊಂಡು ಓದಬಹುದೇ? ಓದಬಹುದು, ಬೇಸರ ತರುವುದಿಲ್ಲ. ಎಳೆಯರ ಕೈಗೆ ಕೊಡುವ ಮುನ್ನ ಯೋಚಿಸಬೇಕು, ಕೊಲೆಗಳ ವಿವರ ಅಗತ್ಯಕ್ಕಿಂತ ಹೆಚ್ಚಿದೆ. ಆದರೆ ಕನ್ನಡಕ್ಕೆ ತರುವ ಉತ್ಸಾಹ ಯಾರಿಗಾದರೂ ಇದ್ದರೆ ಅವರು ಮೊದಲು 1974ರ ಲೇಖನವನ್ನು ತರಲಿ. ಅದು ಆರೇ ಪುಟ.